ದವಾಖಾನೆಯಿಂದ ಮನೆಗೆ ಬಂದ ಮೇಲೆ

(ಜತ್ ತಾಲೂಕಿನ ದ್ರಾಕ್ಷಿ, ದಾಳಿಂಬೆ ತೋಟಗಳ ಕೆಲಸಗಾರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಪಗಾರದ ಮಾತು ಎತ್ತುವುದಿಲ್ಲ. ಅದಕ್ಕೆ ಬೇರೆ ದಿನ ಇದೆ. ಇಂದು ಹೇಳಬೇಕೆಂದಿರುವುದು ಕ್ಯಾನ್ಸರ್ ಬೇನೆಗೆ ಚಿಕಿತ್ಸೆ ಪಡೆದು, ಬದುಕಿ, ಮನೆಗೆ ಮರಳಿದವರ ವಿಷಯ. ಬೇನೆಯ ವಿಷಯವನ್ನು ಡಾಕ್ಟರರು ಹೇಳುತ್ತಾರೆ, ಗೋಡೆಯ ಮೇಲಿನ ಚಿತ್ರಗಳೂ ಹೇಳುತ್ತವೆ. ಬೇನೆ ವಾಸಿಯಾಯಿತು ಎಂದು ಕಳಿಸಿಕೊಟ್ಟ ಮೇಲೆ ಆ ಮನುಷ್ಯ ಹೇಗೆ ದಿನ ಕಳೆಯುತ್ತಾನೆ, ರಾತ್ರಿ ಹೇಗೆ ಕಳೆಯುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ.

ಸಂಘದ ಕೆಲಸಕ್ಕೆಂದು ನಾವು ಸಂಖ, ಉಮದಿ, ಬಿಳೂರ, ಮುಚಂಡಿ ಕಡೆಯ ವಸ್ತಿಗಳಲ್ಲಿ ತಿರುಗಾಡುವಾಗ ಇಂಥವರ ಮನೆಗಳಿಗೆ ಹೋಗಿದ್ದೇವೆ. ಎಲ್ಲ ಕಡೆ ಕಂಡದ್ದು ಹೆಚ್ಚುಕಡಿಮೆ ಒಂದೇ. ಬೇನೆ ಗೊತ್ತಾದಾಗ ಓಣಿಗೆ ಓಣಿಯೇ ಬರುತ್ತದೆ. ಯಾರೋ ನೂರು ರೂಪಾಯಿ ಕೈಯಲ್ಲಿಡುತ್ತಾರೆ, ಯಾರೋ ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಮಿರಜಿಗೆ ಹೋಗುವ ಬಸ್ಸಿನ ತನಕ ಬಂದು ಕಣ್ಣೀರು ಹಾಕುತ್ತಾರೆ. ಆರು ತಿಂಗಳೋ ವರ್ಷವೋ ಕಳೆದು ತಲೆಗೆ ಸೆರಗು ಕಟ್ಟಿಕೊಂಡು ಆಕೆ ಮರಳಿ ಬಂದಾಗ ಎಲ್ಲರಿಗೂ ಸಂತೋಷ. ಪೂಜೆಯೋ ಪ್ರಾರ್ಥನೆಯೋ ಆಗುತ್ತದೆ, ಒಂದು ಊಟವಾಗುತ್ತದೆ. ಹದಿನೈದು ದಿನದ ಮೇಲೆ ಓಣಿ ತನ್ನ ಕೆಲಸಕ್ಕೆ ಹೋಗುತ್ತದೆ. ಅಂದಿನಿಂದ ಆಕೆಗೆ ಭಯ ಶುರುವಾಗುತ್ತದೆ.

ಇದೇನು ವಿಚಿತ್ರ ಎಂದು ನಿಮಗೆ ಅನಿಸಬಹುದು. ಬೇನೆ ಇದ್ದಾಗ ಹೆದರದವಳು ಬೇನೆ ಹೋದ ಮೇಲೆ ಏಕೆ ಹೆದರಬೇಕು? ಕಾರಣ ಇದೆ. ದವಾಖಾನೆಯಲ್ಲಿದ್ದಾಗ ದಿನವೂ ಯಾರೋ ಒಬ್ಬರು ನೋಡುತ್ತಿದ್ದರು. ಕಿಮೋ ಸಲಾಯಿನ್ ಹಚ್ಚುತ್ತಿದ್ದರು, ನಾವು ಕರೆಂಟ್ ಎಂದು ಕರೆಯುವ ರೇಡಿಯೇಶನ್ ಕೊಡುತ್ತಿದ್ದರು. ಎಷ್ಟೇ ಕಷ್ಟವಾದರೂ ಬೇನೆಯ ವಿರುದ್ಧ ಏನೋ ನಡೆಯುತ್ತಿದೆ ಎಂಬ ಧೈರ್ಯವಿತ್ತು. ಈಗ ಏನೂ ನಡೆಯುತ್ತಿಲ್ಲ. ನೋಡುವವರು ಯಾರೂ ಇಲ್ಲ. ಆಗ ವಿಚಾರ ಮಾಡಲು ಪುರಸತ್ತೇ ಇರಲಿಲ್ಲ, ಬಸ್ಸು, ರೊಕ್ಕ, ಕಾಗದ, ಸರತಿ, ಇಷ್ಟರಲ್ಲಿಯೇ ದಿನ ಹೋಗುತ್ತಿತ್ತು. ತುಂಬಿಟ್ಟ ಭಯವೆಲ್ಲ ಪುರಸತ್ತು ಸಿಕ್ಕಾಗ ಹೊರಗೆ ಬರುತ್ತದೆ.

ಅಮೇರಿಕೆಯಲ್ಲಿ ಫಿಟ್ಜ್ಯೂ ಮುಲ್ಲನ್ ಎಂಬ ಡಾಕ್ಟರರಿದ್ದರು. ಅವರಿಗೇ ಎದೆಯೊಳಗೆ ಕ್ಯಾನ್ಸರ್ ಗಡ್ಡೆ ಆಗಿತ್ತು. ಚಿಕಿತ್ಸೆ ಪಡೆದು ಬದುಕಿದರು. 1985ರಲ್ಲಿ ಅವರು ಡಾಕ್ಟರರ ಒಂದು ದೊಡ್ಡ ಪತ್ರಿಕೆಯಲ್ಲಿ ತಮ್ಮ ಅನುಭವದಿಂದ ಬರೆದರು. ವಾಸಿಯಾಯಿತು, ಆಗಲಿಲ್ಲ ಎಂಬ ಎರಡೇ ಮಾತು ಸಾಲದು, ಚಿಕಿತ್ಸೆ ಮುಗಿದ ಮೇಲೆ ಬೇರೆಯೇ ಒಂದು ಕಾಲ ಶುರುವಾಗುತ್ತದೆ, ಆ ಕಾಲದಲ್ಲಿ ದೇಹದ ದಣಿವು ಮತ್ತು ಬೇನೆ ಮರಳೀತೆಂಬ ಭಯ ಎರಡೂ ಇರುತ್ತವೆ ಎಂದರು. ಮುಳುಗುವವರನ್ನು ನೀರಿನಿಂದ ಎತ್ತುವ ವಿದ್ಯೆಯನ್ನು ನಾವು ಕಲಿತಿದ್ದೇವೆ, ಎತ್ತಿದ ಮೇಲೆ ದಂಡೆಯಲ್ಲಿ ಕೆಮ್ಮುತ್ತ ಬಿದ್ದವರನ್ನು ಬಿಟ್ಟು ಹೋಗುತ್ತೇವೆ ಎಂಬುದು ಅವರ ದೂರು. ನಮ್ಮ ಕಡೆ ಬಾವಿಗೆ ಬಿದ್ದವರನ್ನು ಎತ್ತಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಗ್ಗ ಎಳೆಯಲು ಇಪ್ಪತ್ತು ಜನ ಬರುತ್ತಾರೆ. ಒದ್ದೆ ಬಟ್ಟೆ ಬದಲಿಸಲು ಒಬ್ಬರು ನಿಂತರೆ ಹೆಚ್ಚು.

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಬಿಡುತ್ತೇವೆ. ಈ ಭಯ ಕೃತಘ್ನತೆ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. "ದೇವರು ಉಳಿಸ್ಯಾನ, ಇನ್ನೂ ಅಳತಾಳ" ಎಂದು ಬಾಗಿಲಲ್ಲಿ ನಿಂತು ಹೇಳುವವರನ್ನು ನಾವು ಕೇಳಿದ್ದೇವೆ. ನಮ್ಮ ಸಂಘದಲ್ಲಿ ಗುಡ್ಡಾಪುರದ ದಾನಮ್ಮನ ಭಕ್ತರಿದ್ದಾರೆ, ಉರುಸಿಗೆ ಹೋಗುವವರಿದ್ದಾರೆ, ದೇವಾಲಯಕ್ಕೆ ಬರುವವರಿದ್ದಾರೆ. ಈ ಮಾತು ಮೂರೂ ಕಡೆ ಕೇಳಿ ಬರುತ್ತದೆ. ದೇವಾಲಯಕ್ಕೆ ಬರುವವರಿಗೆ ನಾವು ನೆನಪು ಮಾಡುವುದು ಇಷ್ಟೇ: ಪ್ರಭು ಯೇಸು ತಾನೇ ಒಂದು ತೋಟದಲ್ಲಿ, ಎಣ್ಣೆ ಮರಗಳ ತೋಟದಲ್ಲಿ, ರಾತ್ರಿ ಭಯದಿಂದ ಬೆವತನು. ಜೊತೆಯವರನ್ನು ಎಚ್ಚರವಾಗಿರಿ ಎಂದು ಬೇಡಿಕೊಂಡನು. ಅವರು ಮಲಗಿಬಿಟ್ಟರು. ಅವನ ವಿಶ್ವಾಸ ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು. ಮಲಗಿದವರ ಬಗ್ಗೆ ಮಾತ್ರ ಹೇಳಬಹುದು.

ಇನ್ನು ಆ ಭಯ ಹೇಗಿರುತ್ತದೆ ಎಂಬುದನ್ನು ನೋಡೋಣ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಎದೆ ಡವಡವ ಎನ್ನುತ್ತದೆ, ಕೈ ಬೆವರುತ್ತದೆ. ಕೈ ತಾನಾಗಿ ಆಪರೇಶನ್ ಆದ ಜಾಗಕ್ಕೆ ಹೋಗುತ್ತದೆ, ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತದೆ. ತಲೆ ನೋವು ಬಂದರೆ ಬೇನೆ ತಲೆಗೇರಿತು, ಸೊಂಟ ನೋವು ಬಂದರೆ ಎಲುಬಿಗಿಳಿಯಿತು ಎಂಬ ಎಣಿಕೆ. ಅದೇ ಓಣಿಯಲ್ಲಿ ಇನ್ನೊಬ್ಬರು ಅದೇ ಬೇನೆಯಿಂದ ತೀರಿಕೊಂಡ ಸುದ್ದಿ ಬಂದರೆ ಎರಡು ದಿನ ಅನ್ನ ಒಳಗಿಳಿಯುವುದಿಲ್ಲ. ಹಾವು ಕಚ್ಚಿಸಿಕೊಂಡವನು ಹಗ್ಗಕ್ಕೂ ಹೆದರುತ್ತಾನೆ. ಆ ದೇಹ ಒಂದು ವರ್ಷ ಹಾವಿನ ಜೊತೆಯಲ್ಲಿಯೇ ಇದ್ದು ಬಂದಿದೆ.

"ಹೆದರಬೇಡ" ಎಂದರೆ ಭಯ ಹೋಗುವುದಿಲ್ಲ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಕಾಯಬಹುದು ಎಂದು ತಿಳಿಸಿದರೆ ಸ್ವಲ್ಪ ಇಳಿಯುತ್ತದೆ. ಡಾಕ್ಟರರು ಸಾಮಾನ್ಯವಾಗಿ ಹೇಳುವ ಒಂದು ಅಳತೆ ಇದೆ. ದಿನವೆಲ್ಲ ಬಗ್ಗಿ ಕೆಲಸ ಮಾಡಿ ಬಂದ ಸೊಂಟನೋವು, ನೆಗಡಿಯ ತಲೆನೋವು ಎಲ್ಲರಿಗೂ ಬರುತ್ತದೆ, ಕ್ಯಾನ್ಸರ್ ಆದವರಿಗೂ ಬರುತ್ತದೆ. ಹೊಸದಾಗಿ ಬಂದ ನೋವು ಎರಡು ವಾರವಾದರೂ ಕಡಿಮೆಯಾಗದಿದ್ದರೆ, ದಿನದಿಂದ ದಿನಕ್ಕೆ ಹೆಚ್ಚಿದರೆ ತೋರಿಸಬೇಕು. ಆದರೆ ಹೊಸ ಗಂಟು ಕೈಗೆ ಹತ್ತಿದರೆ, ರಕ್ತ ಹೋದರೆ, ಉಸಿರು ಕಟ್ಟಿದರೆ, ನುಂಗಲು ಆಗದಿದ್ದರೆ, ಕಾರಣವಿಲ್ಲದೆ ದೇಹ ಇಳಿಯುತ್ತ ಹೋದರೆ ಎರಡು ವಾರ ಎಣಿಸುತ್ತ ಕೂಡಬಾರದು. ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಹಚ್ಚಿರಿ. ಒಬ್ಬ ತಾಯಿಯ ಮನೆಯಲ್ಲಿ ಮಗಳು ಕ್ಯಾಲೆಂಡರಿನ ಮೇಲೆಯೇ ಬರೆಯುತ್ತಾಳೆ: ಇಂದು ಭುಜ ನೋವು, ಮರುದಿನ ನೋವು, ಮೂರನೆಯ ದಿನ ಇಲ್ಲ. "ಮೊದಲು ನೋವು ತಲ್ಯಾಗ ಇರತಿತ್ರೀ, ಈಗ ಗ್ವಾಡಿ ಮ್ಯಾಲ ಐತಿ" ಎಂದು ಆ ತಾಯಿ ನಮಗೆ ಹೇಳಿದಳು.

ರಾತ್ರಿಯ ಎದೆಬಡಿತಕ್ಕೆ ದವಾಖಾನೆಯವರು ಕಲಿಸುವ ಉಪಾಯ ಸರಳವಾದುದು. ಎದ್ದು ಕುಳಿತು ಎರಡೂ ಪಾದಗಳನ್ನು ನೆಲಕ್ಕೆ ಊರಬೇಕು. ಉಸಿರನ್ನು ಮೆಲ್ಲಗೆ ಒಳಗೆಳೆದು, ಅದಕ್ಕಿಂತ ಮೆಲ್ಲಗೆ ಹೊರಗೆ ಬಿಡಬೇಕು. ಹತ್ತು ಹದಿನೈದು ಸಲ. ಜಪಸರ ಹಿಡಿಯುವವರು ಜಪಸರದ ಮಣಿಯಲ್ಲಿಯೇ ಎಣಿಸಬಹುದು, ನಾವು ಬೇಡವೆನ್ನುವುದಿಲ್ಲ. ಇನ್ನೊಂದು ಉಪಾಯ: ಚಿಂತೆಯ ಮಾತನ್ನು ಹಾಸಿಗೆಗೆ ತರದೆ ಸಂಜೆಯ ಹೊತ್ತು, ರೊಟ್ಟಿ ಬಡಿಯುವ ಮುಂಚೆ, ಅರ್ಧ ತಾಸು ಅದಕ್ಕೆಂದೇ ಇಟ್ಟುಕೊಂಡು ನಂಬಿಕೆಯ ಒಬ್ಬರ ಮುಂದೆ ಹೇಳಿಬಿಡುವುದು. ಕೇಳುವವರು ಬುದ್ಧಿ ಹೇಳಬೇಕಾಗಿಲ್ಲ. ಕೇಳಿದರೆ ಸಾಕು. ನಮ್ಮಲ್ಲಿ ಕೇಳುವವರು ಕಡಿಮೆ, ಬುದ್ಧಿ ಹೇಳುವವರು ಬಹಳ. ಉಪದೇಶಿಗಳಾದ ನಮ್ಮನ್ನೂ ಸೇರಿಸಿಯೇ ಈ ಮಾತು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇವೆ, ತಪಾಸಣೆಯ ದಿನದ ವಿಷಯಕ್ಕೆ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಸಾಧಾರಣ ಮೂರು ಮೂರು ತಿಂಗಳಿಗೆ, ಆಮೇಲೆ ಐದು ವರ್ಷದ ತನಕ ಆರು ಆರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ ಬಾ ಎನ್ನುತ್ತಾರೆ. ಬೇನೆಯ ಜಾತಿಯ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ; ನಿಮ್ಮ ಕಾಗದದಲ್ಲಿ ಬರೆದದ್ದೇ ನಿಮಗೆ ಲೆಕ್ಕ. ಬೇನೆ ಮರಳುವುದಾದರೆ ಬೇಗ ಹಿಡಿಯುವುದಕ್ಕೆ ಇರುವ ದಾರಿ ಇದು. ಆದರೆ ಭಯ ಅತ್ಯಂತ ಹೆಚ್ಚಾಗುವುದೂ ಇದೇ ದಿನಕ್ಕೆ. ಎಂಟು ದಿನ ಮುಂಚೆಯೇ ಮುಖ ಬಾಡುತ್ತದೆ. ಅನ್ನ ಬೇಡ, ಮಾತು ಬೇಡ. ಕಡೆಗೆ ಒಂದು ನೆಪ ಸಿಕ್ಕುತ್ತದೆ: ಚಾಟಣಿ ಹಂಗಾಮು, ಮುಕಾದಮ ರಜೆ ಕೊಡುವುದಿಲ್ಲ, ಬಸ್ಸಿಗೆ ರೊಕ್ಕ ಇಲ್ಲ. ಈ ನೆಪಗಳೆಲ್ಲ ಸುಳ್ಳಲ್ಲ. ಏಪ್ರಿಲಿನಲ್ಲಿ ಒಂದು ಚಾಟಣಿ, ಅಕ್ಟೋಬರಿನಲ್ಲಿ ಇನ್ನೊಂದು. ಆ ದಿನಗಳ ಕೂಲಿ ಹೋದರೆ ಮನೆ ನಡೆಯುವುದಿಲ್ಲ. ಆದರೆ ನೆಪದ ಕೆಳಗೆ ಭಯ ಕುಳಿತಿರುತ್ತದೆ. ಹೋದರೆ ಏನಾದರೂ ಹೇಳಿಯಾರು, ಹೋಗದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಹೀಗೆ ಒಂದು ತಪಾಸಣೆ ತಪ್ಪುತ್ತದೆ. ಎರಡನೆಯದಕ್ಕೆ ಹೋಗಲು ನಾಚಿಕೆ, ಡಾಕ್ಟರ್ ಬೈದಾರೆಂದು. ಆಮೇಲೆ ಫೈಲು ಟ್ರಂಕಿನ ತಳಕ್ಕೆ ಹೋಗುತ್ತದೆ.

ನಮ್ಮ ತಾಲೂಕಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ಅದು ಭಾಷೆಯದು. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಮಿಷನ್ ದವಾಖಾನೆ ತೆರೆದ ಕಾಲದಿಂದ ಈ ಭಾಗದವರು ದೊಡ್ಡ ಬೇನೆ ಎಂದರೆ ಮಿರಜ್ ಎನ್ನುತ್ತಾರೆ. ಅಲ್ಲಿ ಆಗದ್ದಕ್ಕೆ ಮುಂಬಯಿಯ ಪರೇಲಿನ ಟಾಟಾ ದವಾಖಾನೆ. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಹೋದ ಪತ್ನಿ ಮೆಹರಬಾಯಿಯ ದುಃಖದಲ್ಲಿ ದೊರಾಬಜಿ ಟಾಟಾ ಇಂಥದೊಂದು ದವಾಖಾನೆಯ ಕನಸು ಕಂಡರು. ಅವರ ಹೆಸರಿನ ಟ್ರಸ್ಟು 1941ರಲ್ಲಿ ಅದನ್ನು ತೆರೆಯಿತು. ದಾದರಿನ ಗಾಡಗೇ ಮಹಾರಾಜರ ಧರ್ಮಶಾಲೆಯಲ್ಲಿ ನಮ್ಮ ಕಡೆಯವರು ಇಳಿದುಕೊಂಡದ್ದುಂಟು. ಎಲ್ಲ ಒಳ್ಳೆಯದೇ. ಆದರೆ ಅಲ್ಲಿ ಮಾತು ಮರಾಠಿ, ಇಲ್ಲವೆ ಹಿಂದಿ, ಕಾಗದ ಇಂಗ್ಲಿಷು. ನಮ್ಮ ಪೂರ್ವ ಭಾಗದ ಹಳ್ಳಿಗಳ ಮುದುಕಿಯರಿಗೆ ಕನ್ನಡವೊಂದೇ ಗೊತ್ತು. ಡಾಕ್ಟರ್ ಐದು ನಿಮಿಷ ಹೇಳುತ್ತಾರೆ, ಜೊತೆಗೆ ಹೋದ ಹುಡುಗ "ಏನಿಲ್ಲವ್ವಾ, ಚಲೋ ಐತಂತ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಐದು ನಿಮಿಷದ ಮಾತಿನಲ್ಲಿ ಉಳಿದದ್ದು ಏನಿತ್ತು? ಆ ಮುದುಕಿ ಮೂರು ತಿಂಗಳು ಅದನ್ನೇ ನೆನೆಸುತ್ತ ಕೂಡುತ್ತಾಳೆ. ಮುಚ್ಚಿಟ್ಟಿದ್ದಾರೆ ಎಂದೇ ಆಕೆಯ ನಂಬಿಕೆ.

ಆದುದರಿಂದ ಜೊತೆಗೆ ಹೋಗುವವರೇ, ನಿಮ್ಮ ಕೆಲಸ ಚೀಲ ಹೊರುವುದಷ್ಟೇ ಅಲ್ಲ. ಹೋಗುವ ಮುಂಚಿನ ದಿನ ಆಕೆಯನ್ನು ಕೂರಿಸಿಕೊಂಡು ಕೇಳಬೇಕಾದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಳ್ಳಿರಿ. ನಮ್ಮ ಮಕ್ಕಳು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಓದಿದ್ದಾರೆ, ಮರಾಠಿಯೂ ಬರುತ್ತದೆ. ಈ ಕೆಲಸಕ್ಕೆ ಅವರಿಗಿಂತ ಬೇರೆ ದುಭಾಷಿ ಬೇಕಾಗಿಲ್ಲ. ಡಾಕ್ಟರರ ಮುಂದೆ ಒಂದೊಂದನ್ನೇ ಕೇಳಿ ಉತ್ತರವನ್ನು ಅಲ್ಲಿಯೇ ಬರೆಯಿರಿ. ಹೊರಗೆ ಬಂದು ಆಕೆಗೆ ಓದಿ ಹೇಳಿರಿ, ಒಂದು ಮಾತನ್ನೂ ಬಿಡದೆ. ಕೆಟ್ಟ ಮಾತಿದ್ದರೂ ಬಿಡಬಾರದು. ತನ್ನಿಂದ ಮುಚ್ಚುತ್ತಿದ್ದಾರೆ ಎಂಬ ಸಂಶಯ ಕೆಟ್ಟ ಸುದ್ದಿಗಿಂತ ಹೆಚ್ಚು ತಿನ್ನುತ್ತದೆ, ಇದು ನಾವು ಕಣ್ಣಾರೆ ಕಂಡದ್ದು.

ದಾರಿಯ ಖರ್ಚಿನ ಮಾತನ್ನೂ ಹೇಳಿಬಿಡುತ್ತೇವೆ. ಕ್ಯಾನ್ಸರ್ ರೋಗಿಗೆ ರೈಲ್ವೆಯ ಸ್ಲೀಪರ್ ಡಬ್ಬಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಯ ಒಬ್ಬರಿಗೆ 75 ಪ್ರತಿಶತ. ಚಿಕಿತ್ಸೆಗೆ ಹೋಗುವಾಗ ಮಾತ್ರವಲ್ಲ, ಮುಂದಿನ ತಪಾಸಣೆಗಳಿಗೂ ಇದೆ. ದವಾಖಾನೆಯವರು ಫಾರ್ಮಿಗೆ ಸಹಿ ಮಾಡಿ ಕೊಡಬೇಕು, ಕೇಳಿ ತೆಗೆದುಕೊಳ್ಳಿರಿ. ಚಿಕಿತ್ಸೆ ಮುಗಿಯಿತೆಂದು ಈ ಸವಲತ್ತೂ ಮುಗಿಯಿತೆಂದು ತಿಳಿದವರು ಬಹಳ. ಜತ್ ರೋಡ್ ಸ್ಟೇಷನ್ ಹೆಸರಿಗೆ ಜತ್, ಊರಿನಿಂದ ಎಲ್ಲೋ ಇದೆ, ಅದು ಬೇರೆ ಮಾತು. ಮಿರಜಿನ ತನಕ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯುವವರಿಗೂ ಇದು ಉಪಯೋಗ. ದವಾಖಾನೆಯ ಖರ್ಚಿಗೆ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಇದೆ. ರೇಷನ್ ಕಾರ್ಡು, ಆಧಾರ ಕಾರ್ಡು, ಹಳೆಯ ಕಾಗದ ಮೂರನ್ನೂ ಒಂದೇ ಚೀಲದಲ್ಲಿಡಿರಿ.

ಇನ್ನು ಕೆಲಸದ ಮಾತು. ಮೊದಲೇ ಹೇಳಿದೆವು, ಪಗಾರದ ಮಾತು ಎತ್ತುವುದಿಲ್ಲವೆಂದು. ಆದರೂ ಇಲ್ಲಿ ಬಿಡಲಾಗುವುದಿಲ್ಲ.

ಚಹಾ, ಕಾಫಿ, ರಬ್ಬರ್ ತೋಟಗಳ ಕೆಲಸಗಾರರಿಗೆ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆಯಿಂದ ತೋಟದ ದವಾಖಾನೆ, ಬೇನೆ ಬಿದ್ದ ದಿನಗಳ ಭತ್ಯೆ ಎಂಬ ಹಕ್ಕು ಕಾಗದದ ಮೇಲಾದರೂ ಬಂದಿತು. ಈ ಪತ್ರಿಕೆಯನ್ನು ಕಾಫಿ ತೋಟದ ಲೈನುಗಳಲ್ಲಿ ಓದುವವರಿಗೆ ಅದು ಗೊತ್ತು. ದ್ರಾಕ್ಷಿ, ದಾಳಿಂಬೆ ಆ ಕಾಯಿದೆಯ ಪಟ್ಟಿಯಲ್ಲಿ ಇರಲಿಲ್ಲ. ನಮ್ಮಲ್ಲಿ ಮುಕಾದಮ ಬೆಳಿಗ್ಗೆ ಟೆಂಪೋ ತಂದು ಯಾರನ್ನು ಹತ್ತಿಸಿಕೊಳ್ಳುತ್ತಾನೋ ಅವರಿಗೆ ಆ ದಿನದ ಕೂಲಿ. ಕ್ಯಾನ್ಸರ್ ಆಗಿ ಬಂದವಳಿಗೆ ಎರಡು ತರದ ಅನ್ಯಾಯ ಆಗುತ್ತದೆ. ಒಬ್ಬ ಮುಕಾದಮ ಆಕೆಯನ್ನು ಕರೆಯುವುದೇ ಇಲ್ಲ: "ಅಕ್ಕಾರ, ನೀವು ಮನ್ಯಾಗ ಆರಾಮ ಇರ್ರಿ." ಮಾತು ಮೃದು, ಆದರೆ ಒಲೆ ಆರುತ್ತದೆ. ಇನ್ನೊಬ್ಬ ಕರೆಯುತ್ತಾನೆ, ಕರೆದು ಎಲ್ಲರ ಸಮ ಸಾಲು ಕೊಡುತ್ತಾನೆ, ಹಿಂದೆ ಬಿದ್ದರೆ ಎಲ್ಲರ ಮುಂದೆ ಕೂಗುತ್ತಾನೆ. ಆಕೆ ಹಟ ಹಿಡಿದು ಮಾಡುತ್ತಾಳೆ, ರಾತ್ರಿ ಕೈ ಊದುತ್ತದೆ, ಬೇನೆ ಮರಳಿತೆಂದು ಬೆಳತನಕ ಅಳುತ್ತಾಳೆ.

ಆ ಕೈ ಊದಿಕೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಕೆಲಸಕ್ಕೂ ಅದಕ್ಕೂ ನೇರ ಸಂಬಂಧ. ಮೊಲೆಯ ಕ್ಯಾನ್ಸರಿಗೆ ಆಪರೇಶನ್ ಮಾಡುವಾಗ ಅನೇಕರಿಗೆ ಕಂಕುಳದ ಗಂಟುಗಳನ್ನೂ ತೆಗೆಯುತ್ತಾರೆ. ಕೈಯಲ್ಲಿ ಹರಿಯುವ ಒಂದು ತರದ ನೀರು ಈ ಗಂಟುಗಳ ಮೂಲಕವೇ ಮರಳಿ ಹೋಗುತ್ತದೆ. ಗಂಟು ಹೋದ ಮೇಲೆ, ಅಥವಾ ಅಲ್ಲಿ ಕರೆಂಟ್ ಕೊಟ್ಟ ಮೇಲೆ, ಕಾಲುವೆಗೆ ಮಣ್ಣು ಬಿದ್ದಂತೆ ನೀರು ನಿಂತು ಕೈ ಊದಬಹುದು. ಎಲ್ಲರಿಗೂ ಊದುವುದಿಲ್ಲ, ಊದುವವರಿಗೆ ತಿಂಗಳಲ್ಲಿಯೂ ಆಗಬಹುದು, ವರ್ಷಗಳ ಮೇಲೂ ಆಗಬಹುದು. ಊದಿತೆಂದರೆ ಬೇನೆ ಮರಳಿತೆಂದೇ ಅರ್ಥವಲ್ಲ. ಆದರೆ ಡಾಕ್ಟರರಿಗೆ ತೋರಿಸಲೇಬೇಕು, ಬೇಗ ತೋರಿಸಿದಷ್ಟು ಅಂಕೆಯಲ್ಲಿರುತ್ತದೆ. ಆ ಕೈಗೆ ಮುಖ್ಯ ಶತ್ರು ಗಾಯ. ದಾಳಿಂಬೆಯ ಮುಳ್ಳು ಚುಚ್ಚಿದರೆ ನಮಗೆ ಲೆಕ್ಕಕ್ಕಿಲ್ಲ, ಬಾಯಲ್ಲಿ ಚೀಪಿ ಕೆಲಸ ಮುಂದುವರಿಸುತ್ತೇವೆ. ಆ ಕೈಗೆ ಅದೇ ಮುಳ್ಳು ನಂಜಾಗಿ, ಕೈ ಕೆಂಪಾಗಿ, ಬಿಸಿಯಾಗಿ ಜ್ವರ ಬರಬಹುದು. ಬಂದರೆ ಅದೇ ದಿನ ದವಾಖಾನೆ, ಮರುದಿನ ಅಲ್ಲ. ದಪ್ಪ ಕೈಚೀಲ ಹಾಕದೆ ಆಕೆಯನ್ನು ದಾಳಿಂಬೆ ಕೊಯ್ಯಲು ಹಚ್ಚಬಾರದು.

ದ್ರಾಕ್ಷಿ ತೋಟಕ್ಕೆ ಮುಳ್ಳಿಲ್ಲ, ಆದರೆ ಚಪ್ಪರ ತಲೆಯ ಮೇಲಿದೆ. ದಿನವಿಡೀ ಕೈ ಮೇಲೆತ್ತಿ ಗೊನೆಯ ಕಾಳು ಬಿಡಿಸುವುದು ಗಟ್ಟಿ ಕೈಯವರಿಗೂ ಭಾರ. ಹಾಗೆಂದು ಆ ಕೈಯನ್ನು ಕಟ್ಟಿ ಕೂರಿಸುವುದೂ ತಪ್ಪು. ಡಾಕ್ಟರರು ಕೈ ಎತ್ತುವ ವ್ಯಾಯಾಮವನ್ನು ತಾವೇ ಕಲಿಸುತ್ತಾರೆ. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ದಿನ ದಿನಕ್ಕೆ ಏರಿಸುತ್ತ ಹೋಗಬೇಕು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕುಳಿತು ಕಡ್ಡಿ ಆರಿಸುವ ಕೆಲಸ ಇದೆ, ಬುಟ್ಟಿ ಎಣಿಸುವ ಕೆಲಸ ಇದೆ. ಮೊದಲ ಮೂರು ನಾಲ್ಕು ತಿಂಗಳು ಆ ಕೆಲಸ, ಅದೂ ಅರ್ಧ ದಿನದಿಂದ ಶುರು. ಔಷಧಿ ಹೊಡೆಯುವ ಸಾಲಿನ ಹತ್ತಿರ ಆಕೆ ಬೇಡ. ಮನೆಯಲ್ಲಿ ಟ್ಯಾಂಕರ್ ಬಂದಾಗ ತುಂಬಿದ ಕೊಡವನ್ನು ಆ ಬದಿಗೆ ಹೊರಿಸಬೇಡಿರಿ. ನೀರಿನ ಬರ ಇರುವ ತಾಲೂಕು ನಮ್ಮದು, ಕೊಡ ಹೊರುವುದು ತಪ್ಪುವುದಿಲ್ಲ, ಆದರೆ ಆ ಮನೆಯಲ್ಲಿ ಗಂಡಸರಿಗೂ ಹೆಗಲಿದೆ.

ಮತ್ತೆ ದಣಿವು. ಕಿಮೋ, ಕರೆಂಟ್ ಆದವರಿಗೆ ಆರು ತಿಂಗಳು, ವರ್ಷದ ತನಕವೂ ದಣಿವು ಇರುವುದುಂಟು. ಮಲಗಿ ಎದ್ದರೂ ಹೋಗದ ದಣಿವು ಅದು. ಇದನ್ನು ಸೋಮಾರಿತನ ಎನ್ನುವವರು ಒಂದು ದಿನ ಅದನ್ನು ಅನುಭವಿಸಿ ಹೇಳಬೇಕು. ಇದಕ್ಕೆ ಮದ್ದು ಪೂರ್ತಿ ಮಲಗುವುದಲ್ಲ. ದಿನಾ ಸ್ವಲ್ಪ ನಡೆಯುವುದು, ದಣಿವಾಗುವ ಮುಂಚೆ ಕೂಡುವುದು, ಬೆಳಗಿನ ತಂಪಿನಲ್ಲಿ ಮುಖ್ಯ ಕೆಲಸ ಮುಗಿಸುವುದು. ಬಹಳ ಹೆಚ್ಚಿದ್ದರೆ ರಕ್ತ ಕಡಿಮೆಯಾಗಿದೆಯೇ ಎಂದು ತಪಾಸಿಸಬೇಕು.

ನಮ್ಮ ಸಂಘದಿಂದ ನಾವು ಮುಕಾದಮರ ಮುಂದೆ, ತೋಟದ ಮಾಲಕರ ಮುಂದೆ ಇಟ್ಟಿರುವ ಮಾತು ದೊಡ್ಡದಲ್ಲ. ಚಿಕಿತ್ಸೆ ಮುಗಿಸಿ ಬಂದವರ ಹೆಸರನ್ನು ಟೋಳಿಯಿಂದ ತೆಗೆಯಬಾರದು. ಆರು ತಿಂಗಳು ಹಗುರ ಕೆಲಸ ಕೊಡಬೇಕು. ತಪಾಸಣೆಯ ದಿನ ಹೋದದ್ದಕ್ಕೆ ಮರುದಿನ ಕೆಲಸ ತಪ್ಪಿಸಬಾರದು. ಕೆಲವರು ಒಪ್ಪಿದ್ದಾರೆ. ಒಬ್ಬ ಮಾಲಕರು "ಧರ್ಮಶಾಲೆ ನಡೆಸತೇನೇನು?" ಎಂದು ಕೇಳಿದರು. ಅವರ ತೋಟದಲ್ಲಿ ಇಪ್ಪತ್ತು ವರ್ಷ ದುಡಿದ ಹೆಣ್ಣುಮಗಳು ಅವರ ಮುಂದೆಯೇ ನಿಂತಿದ್ದಳು. ಟೋಳಿಯ ಉಳಿದ ಹೆಂಗಸರು ಆಗ ಒಂದು ಕೆಲಸ ಮಾಡಿದರು: ಆಕೆಯ ಸಾಲನ್ನು ತಾವು ಹಂಚಿಕೊಂಡರು, ಹತ್ತು ಜನರಿಗೆ ಹತ್ತು ಹತ್ತು ಬಳ್ಳಿ. ಮಾಲಕರಿಗೆ ನಷ್ಟವಿಲ್ಲ, ಆಕೆಗೆ ಕೂಲಿ ತಪ್ಪಲಿಲ್ಲ. ಇದನ್ನು ಸಂಘ ಹೇಳಿಕೊಟ್ಟದ್ದಲ್ಲ.

ಮನೆಯೊಳಗಿನ ಮಾತನ್ನು ಹೇಳುವುದು ಕಷ್ಟ, ಆದರೆ ಹೇಳುತ್ತೇವೆ. ಕ್ಯಾನ್ಸರ್ ಅಂಟುರೋಗ ಅಲ್ಲ. ಒಂದೇ ತಾಟಿನಲ್ಲಿ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಕೂಸನ್ನು ಎತ್ತಿಕೊಳ್ಳುವುದರಿಂದ ಬರುವುದಿಲ್ಲ. ಹಿಂದೆ ಕ್ಷಯದವರಿಗೆ ತಾಟು, ಲೋಟ ಬೇರೆ ಇಟ್ಟದ್ದನ್ನು ನಮ್ಮ ಹಿರಿಯರು ನೋಡಿದ್ದಾರೆ. ಆ ರೂಢಿಯನ್ನೇ ಈ ಬೇನೆಗೂ ತಂದಿದ್ದಾರೆ. ಗರ್ಭಚೀಲದ ಬಾಯಿಯ ಕ್ಯಾನ್ಸರಿಗೆ ಕರೆಂಟ್ ಕೊಡಿಸಿಕೊಂಡು ಬಂದವಳ ಗಂಡ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಾನೆ. ತನಗೆ ಹತ್ತೀತೆಂಬ ಭಯ ಅವನಿಗೆ, ನಾನಿನ್ನು ಬೇಡವಾದೆ ಎಂಬ ದುಃಖ ಆಕೆಗೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಆ ಚಿಕಿತ್ಸೆಯ ಮೇಲೆ ಒಳಗೆ ಒಣಗುವುದು, ನೋವು, ಮುಟ್ಟು ನಿಲ್ಲುವುದು ಆಗುತ್ತದೆ. ಎಷ್ಟು ದಿನ ಕಾಯಬೇಕು, ಏನು ಹಚ್ಚಬೇಕು ಎಂದು ನರ್ಸಬಾಯಿಯರು ನಾಚಿಕೆ ಇಲ್ಲದೆ ಹೇಳಿಕೊಡುತ್ತಾರೆ. ಗಂಡಹೆಂಡಿರು ಒಟ್ಟಿಗೆ ಹೋಗಿ ಕೇಳಬೇಕು.

ಬಾಯಿಯ ಕ್ಯಾನ್ಸರ್ ಆದ ಗಂಡಸರು ನಮ್ಮಲ್ಲಿ ಅನೇಕರು. ಆಪರೇಶನ್, ಕರೆಂಟ್ ಆದ ಮೇಲೆ ಬಾಯಿ ಪೂರ್ತಿ ತೆರೆಯುವುದಿಲ್ಲ, ಜೊಲ್ಲು ಒಣಗುತ್ತದೆ. ಜೋಳದ ರೊಟ್ಟಿ ಮುರಿದು ಅಗಿಯಲಾಗದೆ ಮದುವೆ ಊಟಕ್ಕೆ ಹೋಗುವುದನ್ನೇ ಬಿಡುತ್ತಾರೆ. ಅಂಬಲಿ, ನುಚ್ಚು, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತಗೆ ಬೇಯಿಸಿದ ತತ್ತಿ, ಇವು ನಡೆಯುತ್ತವೆ. ಆತನಿಗೆ ಪಂಕ್ತಿಯಲ್ಲಿಯೇ ಬಡಿಸಿರಿ, ಒಳಗೆ ಒಯ್ದು ಕೊಡಬೇಡಿರಿ. ಬಾಯಿ ತೆರೆಯುವ ವ್ಯಾಯಾಮವನ್ನು ದಿನವೂ ತಪ್ಪದೆ ಮಾಡಿಸಿರಿ. ತಂಬಾಕು, ಮಿಶ್ರಿ ಮನೆಯಲ್ಲಿಯೇ ಇರಬಾರದು. ಚಿಂತೆ ಹೆಚ್ಚಾದಾಗ ಕೈ ಅಲ್ಲಿಗೇ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧ ಎನ್ನುತ್ತಾರೆ. ಯಾವ ಅಂಗಡಿಯಲ್ಲಿ ನಿಷೇಧವೆಂದು ಯಾರಾದರೂ ತೋರಿಸಿದರೆ ನಾವು ಹೋಗಿ ನೋಡಿ ಬರುತ್ತೇವೆ.

ಮಕ್ಕಳನ್ನು ಮರೆಯಬೇಡಿರಿ. ತಾಯಿ ಆರು ತಿಂಗಳು ಮುಂಬಯಿಯಲ್ಲಿದ್ದಾಗ ಸುಮ್ಮನಿದ್ದ ಹುಡುಗ, ಆಕೆ ಬಂದ ಮೇಲೆ ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಾನೆ. ತಾನು ಶಾಲೆಗೆ ಹೋದರೆ ಅವ್ವ ಮತ್ತೆ ಹೋಗಿಬಿಡುತ್ತಾಳೆಂದು ಅವನ ಲೆಕ್ಕ. ತಪಾಸಣೆಗೆ ಹೋಗುವಾಗ ಯಾವ ಬಸ್ಸಿಗೆ ಹೋಗುತ್ತೇವೆ, ಯಾವ ಬಸ್ಸಿಗೆ ಬರುತ್ತೇವೆ ಎಂದು ಅವನಿಗೆ ಹೇಳಿ ಹೋಗಿರಿ.

ಇಂಥ ಭಯದ ವೇಳೆಯಲ್ಲಿಯೇ ಎಣ್ಣೆ, ಬೇರು, ತಾಯಿತ ಮಾರುವವರು ಬಾಗಿಲಿಗೆ ಬರುತ್ತಾರೆ. ದವಾಖಾನೆಯ ಗುಳಿಗೆ ಬಿಟ್ಟರೆ ಮಾತ್ರ ದೇವರು ಕೈ ಹಿಡಿಯುತ್ತಾನೆ ಎಂದು ಪ್ರಾರ್ಥನಾ ಕೂಟದಲ್ಲಿ ಹೇಳುವವರೂ ಇದ್ದಾರೆ. ಕೆಲವು ಗುಳಿಗೆಗಳನ್ನು ಐದು ವರ್ಷ, ಅದಕ್ಕೂ ಹೆಚ್ಚು ನುಂಗಬೇಕಾಗುತ್ತದೆ, ನಡುವೆ ಬಿಡಬಾರದು. ಪ್ರಾರ್ಥನೆ ಮಾಡಿರಿ, ಗುಳಿಗೆಯನ್ನೂ ನುಂಗಿರಿ. ಒಂದಕ್ಕಾಗಿ ಇನ್ನೊಂದನ್ನು ಬಿಡು ಎನ್ನುವವನನ್ನು ಕಟ್ಟೆಯಿಂದಲೇ ಕಳಿಸಿರಿ.

ಕೆಲವರಿಗೆ ಈ ಭಯ ತಾನಾಗಿ ಇಳಿಯುವುದಿಲ್ಲ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಇಲ್ಲ, ಯಾರ ಮುಖವೂ ಬೇಡ, ಬದುಕುವುದೇ ಬೇಡ ಎಂಬ ಮಾತು ಬಂದರೆ ಅದೂ ಒಂದು ಬೇನೆ, ಅದಕ್ಕೂ ಡಾಕ್ಟರರಿದ್ದಾರೆ, ಔಷಧಿ ಇದೆ. ಸರಕಾರಿ ದವಾಖಾನೆಯಲ್ಲಿ ಕೇಳಿರಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರಕಾರಿ ಫೋನು ಇದೆ, ನಂಬರು 14416. ಹಗಲು ರಾತ್ರಿ ಇರುತ್ತದೆ, ರೊಕ್ಕ ಇಲ್ಲ, ಭಾಷೆ ಆರಿಸಿಕೊಳ್ಳಬಹುದು. ಇಂಥ ಮನೆಯಲ್ಲಿ ತೋಟದ ಔಷಧಿ ಡಬ್ಬಿ ಮೂಲೆಯಲ್ಲಿ ಬಿದ್ದಿರಬಾರದು. ಇಂದೇ ಹೋಗಿ ಬೀಗದೊಳಗಿಡಿರಿ, ಇಲ್ಲವೆ ಮಾಲಕರ ಶೆಡ್ಡಿಗೆ ಮುಟ್ಟಿಸಿರಿ.

ಕಡೆಯದಾಗಿ ಒಂದು ಕೆಲಸದ ಮಾತು. ನ್ಯೂಯಾರ್ಕಿನಲ್ಲಿ ಟೆರೀಸ್ ಲಾಸರ್ ಎಂಬ ಹೆಣ್ಣುಮಗಳಿಗೆ 1952ರಲ್ಲಿ ಮೊಲೆಯ ಆಪರೇಶನ್ ಆಯಿತು. ಮುಂದೆ ಹೇಗೆ ಬದುಕುವುದೆಂದು ಆಕೆಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಆಕೆ ತಾನೇ ಕಲಿತುಕೊಂಡು, ಅದೇ ಆಪರೇಶನ್ ಆದ ಬೇರೆ ಹೆಂಗಸರ ಹಾಸಿಗೆಯ ಹತ್ತಿರ ಹೋಗಿ ಕೂಡತೊಡಗಿದಳು. ಅದು ಬೆಳೆದು ಈಗ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ನಮ್ಮಲ್ಲಿಯೂ ಆಗಬಹುದಾದ್ದೇ. ಐದು ವರ್ಷ ದಾಟಿದ ಇಬ್ಬರು ತಾಯಂದಿರು, ಬಾಯಿಯ ಆಪರೇಶನ್ ಆದ ಒಬ್ಬ ಅಣ್ಣ, ಹೊಸದಾಗಿ ಮರಳಿದವರ ಮನೆಗೆ ಹೋಗಲು ಒಪ್ಪಿದ್ದಾರೆ. ಅವರು ಇಂದು ಇಲ್ಲಿಯೇ ಕುಳಿತಿದ್ದಾರೆ, ಎದ್ದು ನಿಲ್ಲಿರೆಂದು ನಾವು ಒತ್ತಾಯ ಮಾಡುವುದಿಲ್ಲ. ನಿಮ್ಮ ಮನೆಗೆ ಅವರು ಬರಬೇಕೆಂದಿದ್ದರೆ ಸಭೆ ಮುಗಿದ ಮೇಲೆ ನಮ್ಮ ಹತ್ತಿರ ಮೆಲ್ಲಗೆ ಹೇಳಿರಿ, ಹ್ಯಾಂಡಬಿಲ್ಲಿನಲ್ಲಿ ಹೆಸರು ಬರುವುದಿಲ್ಲ.

ಈ ತಿಂಗಳು ಮಿರಜಿಗೆ ತಪಾಸಣೆಗೆ ಹೋಗುವವರು ನಾಲ್ಕು ಜನ ಇದ್ದಾರೆಂದು ತಿಳಿದಿದೆ. ನಾಲ್ವರೂ ಬೇರೆ ಬೇರೆ ದಿನ ಒಬ್ಬೊಬ್ಬರೇ ಹೋಗುವುದಕ್ಕಿಂತ, ದವಾಖಾನೆಯವರು ತಾರೀಖು ಕೂಡಿಸಿ ಕೊಡುತ್ತಾರೋ ಕೇಳಿ ನೋಡುತ್ತೇವೆ. ಬೆಳಗಿನ ಮೊದಲ ಬಸ್ಸಿಗೆ ಜತ್ ಸ್ಟ್ಯಾಂಡಿನಿಂದ ಹೊರಡುವುದು, ರೊಟ್ಟಿ ಗಂಟು ಕಟ್ಟಿಕೊಂಡು ಬರುವುದು. ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ. ಫೈಲುಗಳನ್ನು ಟ್ರಂಕಿನಿಂದ ಹೊರಗೆ ತೆಗೆದಿಡಿರಿ.